ಮಂಟಪಕ್ಕಿಂತ ಮೊದಲು ಬಾಗಿಲು



ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಮಾಘ ಮಾಸದಲ್ಲಿ ಹಿರಿಯ ಮಗಳ ಮದುವೆಯಂತೆ. ತುಮಕೂರಿನಲ್ಲಿ ಛತ್ರ ಹುಡುಕುತ್ತಿದ್ದಾರೆ. ಮಂಟಪದ ಅಲಂಕಾರಕ್ಕೇ ಒಂದೂವರೆ ಲಕ್ಷ ಆಗುತ್ತದೆ ಎಂದರಂತೆ ಡೆಕೊರೇಷನ್‌ನವರು. "ಮಗಳು ಮೊಬೈಲಿನಲ್ಲಿ ಯಾರದೋ ಮದುವೆಯ ಚಿತ್ರ ತೋರಿಸಿ ಹಾಗೇ ಬೇಕು ಅಂತಾಳೆ. ಯಜಮಾನರು ಸಾಲ ತೆಗೆದರಾಯಿತು ಅಂತಾರೆ. ಚಿಕ್ಕವಳ ಕಾಲೇಜು ಫೀಸು ಮುಂದೆ ನಿಂತಿದೆ. ಬೇಡ ಅಂದರೆ ಬೀಗರ ಮುಂದೆ ತಲೆ ತಗ್ಗುತ್ತದೆ, ಹೂಂ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ" ಎಂದು ಬರೆದಿದ್ದಾರೆ. ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಲದ ಮಾತು ಮೊದಲು. ಅಲಂಕಾರಕ್ಕೆ ಸಾಲ ಮಾಡಬೇಡಿ. ಚಿನ್ನಕ್ಕೆ ಸಾಲ ಮಾಡಿದರೆ ಚಿನ್ನವಾದರೂ ಬೀರುವಿನಲ್ಲಿರುತ್ತದೆ. ಮಂಟಪದ ಹೂವು ಧಾರೆ ಮುಗಿದು ಮಧ್ಯಾಹ್ನ ಮೂರು ಗಂಟೆಗೆ ಟೆಂಪೋ ಹತ್ತುತ್ತದೆ, ಕಂತು ಮಾತ್ರ ಎರಡು ವರ್ಷ ಮನೆಯಲ್ಲೇ ಇರುತ್ತದೆ. ಹಾಗಂತ ಮಗಳ ಆಸೆಯನ್ನು ಗದರಿ ಬಾಯಿ ಮುಚ್ಚಿಸುವುದೂ ತರವಲ್ಲ. ಅವಳಿಗೆ ಬೇಕಾಗಿರುವುದು ನಾಳೆ ತೆಗೆದು ನೋಡುವಂಥ ನಾಲ್ಕು ಒಳ್ಳೆಯ ಫೋಟೋ. ಫೋಟೋ ಬೀಳುವ ಜಾಗ ಹಸೆಮಣೆಯ ಹಿಂದಿನ ಎಂಟು ಹತ್ತು ಅಡಿ ಗೋಡೆ ಅಷ್ಟೇ. ಅಲ್ಲಿ ಕೈ ಬಿಚ್ಚಿ ಖರ್ಚು ಮಾಡಿ. ಛತ್ರದ ಮೂಲೆ ಮೂಲೆಗೂ ಬಟ್ಟೆ ಇಳಿಬಿಡುವುದು ಬೇಡವೆಂದರೆ ಅವಳೂ ಒಪ್ಪುತ್ತಾಳೆ.

ಛತ್ರ ನೋಡುವುದಕ್ಕೆ ಅದು ಖಾಲಿ ಇರುವ ದಿನ ಹೋಗಬೇಡಿ. ಖಾಲಿ ಛತ್ರ ಎಲ್ಲವೂ ಚೆಂದವೇ. ಬೇರೆ ಯಾರದಾದರೂ ಮದುವೆ ನಡೆಯುತ್ತಿರುವಾಗ, ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಹೋಗಿ. ಕೈತೊಳೆಯುವ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಹೆಂಗಸರ ಶೌಚದ ಕೋಣೆಗೆ ಚಿಲಕವಿದೆಯೇ, ಊಟದ ಮನೆ ಮೇಲಿದೆಯೋ ಕೆಳಗಿದೆಯೋ, ಮೆಟ್ಟಿಲೆಷ್ಟು, ಮಂಡಿ ನೋವಿನ ಅಜ್ಜಿಯರನ್ನು ಹೇಗೆ ಇಳಿಸುತ್ತಿದ್ದಾರೆ, ಇವನ್ನೆಲ್ಲ ಕಣ್ಣಾರೆ ನೋಡಿ. ಬಾಡಿಗೆ ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಎಂದು ಕೇಳಿ. ಕರೆಂಟು, ಜನರೇಟರಿನ ಡೀಸೆಲ್ಲು, ಕಸ ಗುಡಿಸುವುದು, ಪಾತ್ರೆ, ಗ್ಯಾಸು ಇವು ಬಾಡಿಗೆಯೊಳಗೋ ಹೊರಗೋ ಎಂಬುದನ್ನು ಮುಂಗಡದ ರಸೀತಿಯ ಮೇಲೇ ಬರೆಸಿಕೊಳ್ಳಿ. ಬಾಯಿ ಮಾತು ಮದುವೆಯ ಮಾರನೆಯ ದಿನ ಯಾರಿಗೂ ನೆನಪಿರುವುದಿಲ್ಲ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕುವಂತಿಲ್ಲ ಎಂಬುದು ಕಾನೂನು. ಆರತಕ್ಷತೆಗೆ ಹಾಡಿನವರನ್ನು ಕರೆಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಊರ ಹೊರಗೆ, ಹೆದ್ದಾರಿ ಪಕ್ಕದ ಛತ್ರ ಒಂದಿಷ್ಟು ಅಗ್ಗಕ್ಕೆ ಸಿಕ್ಕಬಹುದು. ಆದರೆ ಕಾರಿಲ್ಲದ ನೆಂಟರು? ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಕುಣಿಗಲ್ಲಿನಿಂದ 35ರ ಮೇಲೆ. ಬಸ್ಸಿಳಿದ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಆಟೋದವರ ಹತ್ತಿರ ಚೌಕಾಸಿ ಮಾಡುವಂತಾದರೆ, ಬಾಡಿಗೆಯಲ್ಲಿ ನೀವು ಉಳಿಸಿದ್ದನ್ನು ಅವರು ತೆತ್ತ ಹಾಗಾಯಿತು. ಆಹ್ವಾನ ಪತ್ರಿಕೆಯಲ್ಲಿ ಅರ್ಧ ಪುಟ ಬಂಧುಗಳ ಹೆಸರು ಹಾಕಿಸುತ್ತೇವಲ್ಲ, ಅದರ ಕೆಳಗೆ ಎಲ್ಲಿ ಇಳಿಯಬೇಕು, ಎಷ್ಟು ದೂರ ನಡೆಯಬೇಕು ಎಂದು ಒಂದು ಸಾಲು ಹಾಕಿಸಿದರೆ ಎಷ್ಟು ಉಪಕಾರ!

ಅದ್ದೂರಿಯಿಲ್ಲದೆ ಮದುವೆ ಮಾಡಿದರೆ ಗೌರವ ಕಡಿಮೆಯಾದೀತೆಂಬ ಅಂಜಿಕೆಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ, ಆಡಂಬರವಿಲ್ಲದೆ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಅಲ್ಲಿ ಮದುವೆಯಾದವರ ಸಂಸಾರಕ್ಕೇನು ಕಡಿಮೆಯಾಯಿತು? ಎಲ್ಲರೂ ಹಾಗೇ ಮಾಡಿ ಎನ್ನುತ್ತಿಲ್ಲ. ನೂರು ಜನಕ್ಕೆ ಊಟ ಹಾಕಬೇಕು, ವಾಲಗ ಊದಿಸಬೇಕು ಎಂಬ ಆಸೆ ನನಗೂ ಇದೆ.

ಇನ್ನು ಅಲಂಕಾರ. ತೆಂಗು ಅಡಿಕೆಯ ಸೀಮೆಯವರು ನಾವು. ಪ್ಲಾಸ್ಟಿಕ್ ಹೂವಿಗೂ ಥರ್ಮೋಕೋಲ್ ಆನೆಗೂ ದುಡ್ಡು ಕೊಡುವುದೆಂದರೆ ನನಗೇನೋ ಹೊಟ್ಟೆ ಉರಿಯುತ್ತದೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲು, ಪ್ಲಾಸ್ಟಿಕ್ ತಟ್ಟೆ ಲೋಟ ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇವಕ್ಕೆಲ್ಲ ದೇಶದಲ್ಲೇ ನಿಷೇಧವಿದೆ. ನಮ್ಮ ರಾಜ್ಯದಲ್ಲಂತೂ 2016ರಲ್ಲೇ ಫ್ಲೆಕ್ಸು, ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಸಹಿತ ನಿಷೇಧಿಸಿದ್ದರು. ಡೆಕೊರೇಷನ್‌ನವರಿಗೆ ಇದು ಗೊತ್ತಿಲ್ಲದೆ ಏನಲ್ಲ, ಕೇಳುವವರು ಬೇಕು.

ನಿಮ್ಮ ತೋಟದಿಂದಲೇ ಹಸಿ ಗರಿ ಇಳಿಸಿ, ಹೆಣೆಯಲು ಬರುವ ಹಿರಿಯರು ಊರಲ್ಲಿ ಇನ್ನೂ ಇರುತ್ತಾರೆ, ಅವರಿಗೆ ಕೂಲಿ ಕೊಟ್ಟು ತಟ್ಟಿ ಹೆಣೆಸಿ. ಮಂಟಪದ ಹಿಂದೆ ಹೆಣೆದ ಹಸಿರು ತಟ್ಟಿ, ಅದರ ಮೇಲೆ ಹಳದಿ ಸೇವಂತಿಗೆ ಸರ, ಎರಡು ಬದಿಗೆ ಹೊಂಬಾಳೆ. ಇದಕ್ಕಿಂತ ಏನು ಬೇಕು? ಗರಿ ಇಳಿಸುವಾಗ ಮರದ ಸುಳಿಗೆ ಮಾತ್ರ ಕತ್ತಿ ತಾಗಕೂಡದು, ಸುಳಿ ಹೋದರೆ ಮರವೇ ಹೋದಂತೆ. ಹೊಂಬಾಳೆಯಲ್ಲೂ ಲೆಕ್ಕವಿದೆ. ಅಡಿಕೆ ಮರ ವರ್ಷಕ್ಕೆ ಬಿಡುವುದೇ ಮೂರೋ ನಾಲ್ಕೋ ಗೊನೆ, ಒಂದು ಹೊಂಬಾಳೆ ಕಿತ್ತರೆ ಒಂದು ಗೊನೆ ಕೈಬಿಟ್ಟಂತೆ. ಒಳ್ಳೆಯ ತೆಂಗಿನ ಮರವಾದರೆ ತಿಂಗಳಿಗೊಂದರಂತೆ ಬಿಡುತ್ತದೆ. ಶಾಸ್ತ್ರಕ್ಕೆ ಬೇಕಾದಷ್ಟು ಅಡಿಕೆಯದು ತನ್ನಿ, ಅಂದಕ್ಕೆ ತೆಂಗಿನದು ಸಾಕು. ಬಿರಿಯದ ಹೊಂಬಾಳೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮದುವೆಯ ಬೆಳಿಗ್ಗೆಯೇ ಬಿಡಿಸಿ. ಹಿಂದಿನ ರಾತ್ರಿ ಬಿಡಿಸಿದರೆ ಧಾರೆಯ ಹೊತ್ತಿಗೆ ಬಾಡಿ ಉದುರುತ್ತದೆ.

ಮಾಘದ ಚಳಿಗೆ ಮಲ್ಲಿಗೆ ಕಡಿಮೆ, ಬೆಲೆ ಮುಟ್ಟುವ ಹಾಗಿರುವುದಿಲ್ಲ. ಅದನ್ನು ಮುಡಿಗೂ ಹಾರಕ್ಕೂ ಇಟ್ಟುಕೊಂಡು, ಕಂಬಕ್ಕೆ ಸೇವಂತಿಗೆ, ಚೆಂಡುಹೂ ಸಾಕು. ಹೂವಿನ ಸರವನ್ನು ಕಂಬಕ್ಕೆ ಸುತ್ತಿದರೆ ದುಪ್ಪಟ್ಟು ಹಿಡಿಯುತ್ತದೆ, ಉದ್ದಕ್ಕೆ ಇಳಿಬಿಟ್ಟರೆ ಅಷ್ಟೇ ಹೂವಿನಲ್ಲಿ ಎರಡು ಕಂಬ ಆಗುತ್ತದೆ. ಬಿಡಿ ಹೂವನ್ನು ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ತಂದು, ಮನೆಯ ಹೆಂಗಸರು ಕೂತು ಕಟ್ಟಿದರೆ ಸೋಬಾನೆಯೂ ಆಯಿತು, ಕೆಲಸವೂ ಆಯಿತು. ಹಸೆ ಬರೆಯುವುದನ್ನೂ ಬಿಡಬೇಡಿ. ಛತ್ರದ ಗೋಡೆಯ ಮೇಲೆ ಬರೆಯಲು ಬಿಡುವುದಿಲ್ಲ, ನಿಜ. ಒಂದು ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು, ಮನೆಯಲ್ಲೇ ಅಜ್ಜಿಯ ಕೈಲಿ ಬರೆಸಿ, ಹೊತ್ತುಕೊಂಡು ಹೋಗಿ ಹಸೆಮಣೆಯ ಹಿಂದೆ ನಿಲ್ಲಿಸಿ. ಮಗಳು ಕೇಳಿದ ಫೋಟೋ ಅಲ್ಲೇ ಸಿಗುತ್ತದೆ, ಅದೂ ಬೇರೆ ಯಾರ ಮದುವೆಯಲ್ಲೂ ಇಲ್ಲದ್ದು.

ಇದೆಲ್ಲಕ್ಕಿಂತ ಮುಂಚೆ ಬಾಗಿಲು ನೋಡಿಕೊಳ್ಳಿ. ನೆಂಟರು ಮಂಟಪ ನೋಡುವುದು ಆಮೇಲೆ. ಈಗೀಗ ಬಾಡಿಗೆಗೆ ಹುಡುಗಿಯರನ್ನು ಕರೆಸಿ, ಒಂದೇ ಬಣ್ಣದ ಸೀರೆ ಉಡಿಸಿ, ಪನ್ನೀರು ಹಾಕಲು ನಿಲ್ಲಿಸುವುದು ಬಂದಿದೆ. ಪಾಪ, ಆ ಮಕ್ಕಳಿಗೆ ಬಂದವರು ಯಾರೆಂದು ಏನು ಗೊತ್ತು? "ಬಂದ್ರಾ ಸಾವಿತ್ರಕ್ಕ, ಕಾಲು ಹೆಂಗಿದೆ ಈಗ?" ಅನ್ನಲು ಮನೆಯವರೇ ಬೇಕು.

ಈಗ ಆ ತಾಯಿಯ ಕೊನೆಯ ಮಾತಿಗೆ ಬರುತ್ತೇನೆ. "ಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದು ನನ್ನ ಅಕ್ಕ. ಅವಳಿಗೆ ಗಂಡನಿಲ್ಲ. ಮದುವೆ ದಿನ ತಾನು ಅಡಿಗೆ ಮನೆ ಕಡೆ ಇರುತ್ತೇನೆ ಅಂತ ಅವಳೇ ಹೇಳುತ್ತಿದ್ದಾಳೆ. ಎಲ್ಲಿ ಕೂರಿಸಲಿ?"

ಅಮ್ಮಾ, ಒಂದೂವರೆ ಲಕ್ಷದ ಪ್ರಶ್ನೆಗಿಂತ ಇದು ದೊಡ್ಡದು. ಎಲ್ಲ ನೆಂಟರ ಹೆಸರು, ಹೆರಿಗೆ, ಕಾಯಿಲೆ ಎಲ್ಲ ಬಾಯಿಪಾಠ ಇರುವುದು ಇಂಥ ದೊಡ್ಡಮ್ಮಂದಿರಿಗೇ. ವಾರ ಮೊದಲೇ ಬಂದು ಸಂಡಿಗೆ ಹಪ್ಪಳದಿಂದ ಹಿಡಿದು ಅಕ್ಕಿ ಆರಿಸುವವರೆಗೆ ದುಡಿಯುವುದು ಇವರು. ಮುಹೂರ್ತದ ಹೊತ್ತಿಗೆ ಬಾಗಿಲ ಹಿಂದೆ ನಿಲ್ಲುವುದೂ ಇವರೇ. ಅವರೇ ಹೇಳಿದರು ಅಂತ ನಾವು ಸುಮ್ಮನಿದ್ದುಬಿಡುತ್ತೇವೆ. ಹಾಗೆ ಹೇಳುವುದನ್ನು ಅವರಿಗೆ ಕಲಿಸಿದವರು ಯಾರು? 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿಯೇ ನೇಮಿಸಿದರು. ದೇವರಿಗೆ ಆರತಿ ಎತ್ತುವ ಕೈ ನೆಂಟರಿಗೆ ಪನ್ನೀರು ಹಾಕಬಾರದೇ?

ಆದರೆ ದಿನ ಬಂದಾಗ ಏಕಾಏಕಿ ಕೈಹಿಡಿದು ಎಳೆದು ತರಬೇಡಿ. ನಾಲ್ಕು ಜನರ ಮುಂದೆ ಯಾರಾದರೂ ಏನಾದರೂ ಅಂದರೆ ನೋಯುವವರು ಅವರು. ಈಗಲೇ ಮಗಳ ಕೈಲಿ ಹೇಳಿಸಿ: "ದೊಡ್ಡಮ್ಮ, ಬಾಗಿಲಲ್ಲಿ ನೀನೇ ನಿಲ್ಲಬೇಕು, ಧಾರೆಯಾಗುವಾಗ ನನ್ನ ಕಣ್ಣಿಗೆ ಬೀಳುವ ಹಾಗೆ ಮುಂದಿನ ಸಾಲಲ್ಲಿ ಕೂರಬೇಕು." ಬೀಗಿತ್ತಿಗೂ ಮುಂಚಿತವಾಗಿ ನೀವೇ ಹೋಗಿ ಹೇಳಿಬನ್ನಿ, ಅಪ್ಪಣೆ ಕೇಳುವ ದನಿಯಲ್ಲಲ್ಲ, ವಿಷಯ ತಿಳಿಸುವ ದನಿಯಲ್ಲಿ. ಪುರೋಹಿತರಿಗೂ ಕಿವಿಗೆ ಹಾಕಿ. ಹೂವಿನ ತಟ್ಟೆ ಹಿಡಿದವರಿಗೆ, ಬಂದ ಹೆಂಗಸರ ಕೊರಳು ನೋಡಿ ಹೂವು ಕೊಡುವುದು ಬೇಡ, ಎಲ್ಲರಿಗೂ ಕೊಡಿ, ಬೇಡವಾದವರು ತಾವೇ ಬೇಡ ಅನ್ನುತ್ತಾರೆ ಎಂದು ಹೇಳಿಡಿ.

ಬಾಗಿಲ ಪಕ್ಕದಲ್ಲೇ ಪಾನಕ ಇಡಿ. ನೂರು ಲೋಟಕ್ಕೆ 13 ಲೀಟರು ನೀರು, 2 ಕಿಲೋ ಬೆಲ್ಲ, 40 ನಿಂಬೆಹಣ್ಣು, 20 ಗ್ರಾಂ ಏಲಕ್ಕಿ, 50 ಗ್ರಾಂ ಜಜ್ಜಿದ ಶುಂಠಿ, ಎರಡು ಚಿಟಿಕೆ ಉಪ್ಪು. ಬೆಲ್ಲವನ್ನು ಹಿಂದಿನ ರಾತ್ರಿ ನೆನೆಸಿ ಶೋಧಿಸಿಡಿ, ನಿಂಬೆರಸ ಮಾತ್ರ ಬೆಳಿಗ್ಗೆ ಹಿಂಡಿ, ಇಲ್ಲದಿದ್ದರೆ ಕಹಿಯಾಗುತ್ತದೆ. ಸ್ಟೀಲು ಲೋಟ ಬಾಡಿಗೆಗೆ ಸಿಗುತ್ತದೆ. ಕೂಸು ಎತ್ತಿಕೊಂಡು ಬಂದ ತಾಯಂದಿರಿಗೆ ಒಂದು ಕೋಣೆ, ಒಂದು ಚಾಪೆ, ಒಳಗಿನಿಂದ ಚಿಲಕ. ವ್ಯಾನು ಕಾರು ಓಡಿಸಿಕೊಂಡು ಬಂದವರಿಗೆ ಮೊದಲ ಪಂಕ್ತಿಯಲ್ಲೇ ಎಲೆ. ಮುಯ್ಯಿ ಬರೆಯುವವರಿಗೆ ದನಿ ತಗ್ಗಿಸಿ ಓದಲು ಹೇಳಿ, ಐವತ್ತು ರೂಪಾಯಿ ಕೊಡುವವರೂ ನಮ್ಮ ನೆಂಟರೇ. ತಾಂಬೂಲದ ಕಾಯಿ ನಿಮ್ಮ ತೋಟದ್ದೇ ಆಗಲಿ, ಚೀಲ ಬಟ್ಟೆಯದಿರಲಿ, ಜುಟ್ಟು ಬಿಟ್ಟು ಸುಲಿಸಿ.

ಮದುವೆ ಮುಗಿದ ಮೇಲೆ ಬಾಳೆಕಂಬ ದನಕ್ಕೆ, ಹೂವು ಗರಿ ಎಲ್ಲ ವಾಪಸು ತೆಂಗಿನ ಬುಡಕ್ಕೆ. ಖಾಲಿ ಹೋಗುವ ಟೆಂಪೋದವರಿಗೆ ಅದನ್ನೂ ಮೊದಲೇ ಹೇಳಿ ಬಾಡಿಗೆ ಮಾತಾಡಿಕೊಳ್ಳಿ. ಇನ್ನೂರೈವತ್ತು ಎಲೆಯ ಊಟಕ್ಕೆ ಬೇಕಾಗುವ ಸಾಮಾನಿನ ಪಟ್ಟಿಯನ್ನೂ ಆ ತಾಯಿ ಕೇಳಿದ್ದಾರೆ, ಮುಂದಿನ ಸಂಚಿಕೆಯಲ್ಲಿ ಕೊಡುತ್ತೇನೆ.