ಮುಖ ಒಂದು, ರೂಪ ಹಲವು

ತನ್ನ ಛಾಯಾಚಿತ್ರವನ್ನು ತಾನೇ ತೆಗೆದುಕೊಳ್ಳುವುದು ಇಂದಿನ ತರುಣರ ಚಾಪಲ್ಯವೆಂದು ಹಿರಿಯರು ಗದರುವುದುಂಟು. ಆದರೆ ೧೮೩೯ರಲ್ಲಿಯೇ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಎಂಬಾತನು ಹೀಗೆ ಮಾಡಿದ್ದನು. ದೋಷವಿರುವುದು ಚಿತ್ರ ತೆಗೆಯುವುದರಲ್ಲಲ್ಲ. ಒಂದೇ ನಗೆಯನ್ನು ನೂರು ಸಲ ತೆಗೆದು, ಅದೇ ತಾನೆಂದು ನಂಬುವುದರಲ್ಲಿ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಬೇರೊಂದು ದಾರಿಯನ್ನು ತೋರಿದ್ದಾರೆ. ಕ್ಲೇರ್ ಆರ್ನಿ ಅವರೊಡಗೂಡಿ ೨೦೦೦ರಿಂದ ೨೦೦೪ರವರೆಗೆ ರಚಿಸಿದ ಚಿತ್ರಮಾಲೆಯಲ್ಲಿ ಅವರು ಒಮ್ಮೆ ರವಿವರ್ಮನ ಲಕ್ಷ್ಮಿ. ಮತ್ತೊಮ್ಮೆ, ಬ್ರಿಟಿಷರು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಬುಡಕಟ್ಟಿನ ಹೆಣ್ಣು. ಮುಖವೊಂದೇ ಆದರೂ ವೇಷ ಬದಲಾದೊಡನೆ ನೋಡುವವರ ತೀರ್ಮಾನವೂ ಬದಲಾಗುತ್ತದೆ.

ವಿಜ್ಞಾನವೂ ನಮ್ಮನ್ನು ಎಚ್ಚರಿಸುತ್ತದೆ. ಮಸೂರವು ತೀರ ಸಮೀಪವಿದ್ದರೆ ಮೂಗು ದೊಡ್ಡದಾಗಿ ಕಾಣುವುದು. ಕನ್ನಡಿಯು ಎಡಬಲಗಳನ್ನು ಅದಲುಬದಲು ಮಾಡುವುದು. ೧೯೭೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೆಚ್ಚಿನವರು ತಮ್ಮ ಕನ್ನಡಿಯ ರೂಪವನ್ನೂ, ಅವರ ಸ್ನೇಹಿತರು ನಿಜರೂಪವನ್ನೂ ಮೆಚ್ಚಿದರು. ಕಂಡು ರೂಢಿಯಾದುದೇ ನಮಗೆ ಪ್ರಿಯ!

ಇಂದು ಮೊರಬದಂತಹ ಊರಿನ ವಿದ್ಯಾರ್ಥಿಗಳ ಕೈಗೂ ಕ್ಯಾಮರಾ ಎಟುಕಿದೆ. ಓದುವಾಗ, ಹೊಲದಲ್ಲಿ ದುಡಿಯುವಾಗ, ಮನಸ್ಸು ಮುದುಡಿದಾಗ ಅವರು ತಮ್ಮನ್ನು ತೆಗೆದು ನೋಡಲಿ, ಯಾರಿಗೂ ತೋರಿಸಬೇಕಾಗಿಲ್ಲ. ಒಂದೇ ಚಿತ್ರದಿಂದ ತನ್ನನ್ನು ಅಳೆಯಬಾರದೆಂದು ಅರಿತವನು ಇತರರನ್ನೂ ಹಾಗೆ ಅಳೆಯಲಾರನು.