ಇದು ಭೂತದ ಊರಲ್ಲ, ನಮ್ಮ ಕೂಲಿಯ ಊರು



ಪೋಸ್ಟ್ ಉದ್ದ ಅದ. ಪೂರಾ ಓದಿದ ಮೇಲೇ ಕಮೆಂಟ್ ಹಾಕ್ರಿ.

ಹೋದ ವಾರ ನಮ್ಮದೇ ವಾಟ್ಸಾಪ್ ಗ್ರೂಪಿನಾಗ ಒಂದು ರೀಲ್ ಬಂತು. ಶಹಾಬಾದ್–ವಾಡಿ ಕಡೆಯ ಒಂದು ಹಳೇ ಫರಸಿ ಖಣಿಯೊಳಗ ನಾಲ್ಕು ಜೀಪುಗಳು ಧೂಳೆಬ್ಬಿಸುತ್ತಾ ಇಳಿಯುತ್ತವೆ. ಮೇಲಿನಿಂದ ಡ್ರೋನ್ ಶೂಟಿಂಗ್. ಹಿಂದೆ ಕೆಜಿಎಫ್ ಸಿನಿಮಾದ ಮ್ಯೂಸಿಕ್. ಮೇಲೆ ಬರೆದದ್ದು: "ಕರ್ನಾಟಕದಲ್ಲೊಂದು ಘೋಸ್ಟ್ ಟೌನ್. ಇಲ್ಲಿ ಈಗ ಯಾರೂ ಇಲ್ಲ." ನಮ್ಮ ಹುಡುಗರೇ ಅದಕ್ಕೆ ಹಾರ್ಟ್ ಒತ್ತಿದ್ದರು. ಒಬ್ಬರು "ನಮ್ಮ ಭಾಗಕ್ಕೂ ಹೆಸರು ಬಂತು" ಅಂತ ಬರೆದಿದ್ದರು.

ಆ ರೀಲಿನ ಮೊದಲನೇ ಜೀಪಿನ ಮುಂದಿನ ಸೀಟಿನಾಗ ಕುಂತವ ನಾನೇ.

ಅದಕ್ಕೇ ಈ ಪೋಸ್ಟ್. ಬೇರೆಯವರನ್ನ ಬೈಯೋಕಿಂತ ಮೊದಲು ನನ್ನದು ನಾನು ಹೇಳಿಬಿಡ್ತೀನಿ.

ನಮ್ಮ ಆಫೀಸಿನ ಹಿರಿಯರೊಬ್ಬರ ಅಳಿಯ ಬೆಂಗಳೂರಿನಾಗ ಸಾಫ್ಟ್‌ವೇರ್ ಕೆಲಸದಾಗ ಇದ್ದಾರ. ಅವರ ಗೆಳೆಯರ ತಂಡ ಭಾನುವಾರ ಬೆಳಿಗ್ಗೆ ವಾಡಿಗೆ ಬಂದಿಳಿಯಿತು. "ಖಣಿ ಏರಿಯಾ ನಿಮಗ ಗೊತ್ತದಲ್ಲ, ಸ್ವಲ್ಪ ದಾರಿ ತೋರಸ್ರಿ" ಅಂದರು ಹಿರಿಯರು. ಗುಮಾಸ್ತನಿಗೆ ಹಿರಿಯರ ಮಾತು ಅಂದ್ರ ನಿಮಗೆ ಗೊತ್ತೇ ಅದ. ಹೋದೆ.

ಹುಡುಗರು ಒಳ್ಳೆಯವರೇ. ಚಹಾ ಕುಡಿಸಿದರು, ಸರ್ ಸರ್ ಅಂದರು. ಖಣಿಯ ಬಾಯಿಗೆ ಬಂದ ಮೇಲೆ ಟೈರಿನ ಗಾಳಿ ಇಳಿಸಿದರು. ಕಲ್ಲಿನ ಮೇಲೆ ಹಿಡಿತ ಬರಬೇಕಂದ್ರ ಗಾಳಿ ಕಮ್ಮಿ ಇರಬೇಕಂತ. ಫೋರ್ ಬೈ ಫೋರ್ ಹಾಕಿ, ಸಣ್ಣ ಗೇರಿನಲ್ಲಿ ಇರುವೆಯಂತೆ ಇಳಿಸಿದರು. ಖರೇ ಹೇಳ್ತೀನಿ, ನನಗೆ ಖುಷಿ ಆಯ್ತು. ನಮ್ಮಪ್ಪ ತಲೆ ಮೇಲೆ ಕಲ್ಲು ಹೊತ್ತು ಏರಿದ ದಾರಿಯಲ್ಲಿ ಮಗ ಎಸಿ ಹಾಕಿಕೊಂಡು ಇಳಿದ ಅಂತ ಒಂದು ಕ್ಷಣ ಎದೆ ಉಬ್ಬಿತು. ಈಗ ಅದನ್ನ ನೆನೆಸಿಕೊಂಡರೆ ನಾಚಿಕೆ ಆಗ್ತದ.

ಆಮೇಲೆ ಅವರು ಒಂದು ದಿಬ್ಬ ತೋರಿಸಿ, "ಸರ್, ಹಿಲ್ ಕ್ಲೈಂಬ್‌ಗೆ ಸೂಪರ್ ಆಗಿದೆ" ಅಂದರು. ಅದು ಗುಡ್ಡ ಅಲ್ಲ ಗೆಳೆಯರೇ. ನಮ್ಮ ಶಹಾಬಾದ್ ಕಲ್ಲು ಪದರ ಪದರವಾಗಿ ಇರ್ತದ. ಹಾರಿ ಹಾಕಿ ಎಬ್ಬಿಸಿದರೆ ಪಾಟಿಯಂತೆ ಏಳ್ತದ. ಚಲೋ ಎದ್ದದ್ದು ಲಾರಿ ಏರ್ತದ, ಮುರಿದದ್ದು ಪಕ್ಕಕ್ಕೆ ಬೀಳ್ತದ. ನಮ್ಮಪ್ಪ ದುಡಿದ ಖಣಿಯಲ್ಲಿ ಚದರಡಿ ಲೆಕ್ಕದ ಕೂಲಿ. ಮುರಿದ ಕಲ್ಲಿಗೆ ಕೂಲಿ ಇರಲಿಲ್ಲ. ಅಂದರೆ ಆ ದಿಬ್ಬ ಏನು? ನಮ್ಮಪ್ಪನಂಥವರು ದುಡಿದೂ ಕೂಲಿ ಸಿಗದ ದಿನಗಳ ರಾಶಿ. ಅದರ ಮೇಲೆ ಜೀಪು ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ದಿಬ್ಬ ದಾಟಿದರೆ ನೀರು ನಿಂತ ಗುಂಡಿ. "ವಾಟರ್ ಕ್ರಾಸಿಂಗ್ ಮಾಡಬಹುದಾ ಸರ್, ಎಷ್ಟು ಆಳ ಇದೆ?" ಅಂತ ಕೇಳಿದರು. ಎಷ್ಟು ಆಳ ಅಂತ ನನಗೆ ಗೊತ್ತು. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ನಮ್ಮ ಕಾಕನ ಮಗ ಅದರಲ್ಲೇ ಹೋದ. ಹನ್ನೊಂದು ವರ್ಷದ ಹುಡುಗ, ಎಮ್ಮೆ ತೊಳೆಯೋಕೆ ಇಳಿದಿದ್ದ. ಕಲ್ಲು ಮುಗಿಸಿ ಮಾಲೀಕ ಹೋಗಿ ಅಷ್ಟೊತ್ತಿಗೆ ನಾಲ್ಕು ವರ್ಷ ಆಗಿತ್ತು. ಬೇಲಿ ಇಲ್ಲ, ಬೋರ್ಡ್ ಇಲ್ಲ. ಪಂಚನಾಮೆಯಲ್ಲಿ "ಕಾಲು ಜಾರಿ" ಅಂತ ಬರೆದು ಮುಗಿಸಿದರು. ಇವತ್ತು ನಾನೂ ಫೈಲು ಬರೆಯುವವನು. "ಕಾಲು ಜಾರಿ" ಅನ್ನೋ ಎರಡು ಪದ ಎಷ್ಟು ಜನರನ್ನ ಬಚಾವ್ ಮಾಡ್ತಾವ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೇಡ, ಆಳ ಅದ, ಅಂದೆ. ಅಷ್ಟೇ ಅಂದೆ.

ಕೊನೆಗೆ ಡ್ರೋನ್ ಹಾರಿಸಿದರು. ಅದೇ ಹೊತ್ತಿಗೆ ನಾಲ್ಕು ಆಡು ಹೊಡಕೊಂಡು ಒಬ್ಬಾಕಿ ಮುದುಕಿ ಬಂದಳು. ಹುಡುಗ ಕೂಗಿದ: "ಅಜ್ಜಿ, ಸ್ವಲ್ಪ ಫ್ರೇಮಿಂದ ಆಚೆ ಹೋಗಿ." ಆಕಿಗೆ ಫ್ರೇಮು ಅಂದ್ರ ಏನು ಗೊತ್ತು? "ಎಲ್ಲಿಗಿ ಹೋಗ್ಲೆಪ್ಪಾ, ನಮ್ಮ ಮನಿ ಅಲ್ಲೇ ಅದ" ಅಂದಳು. ನಾನು ಕೈ ಸನ್ನೆ ಮಾಡಿ ಆಕಿನ್ನ ಸರಿಸಿದೆ. ಎರಡು ದಿನ ಆದ ಮೇಲೆ ರೀಲ್ ಬಂತು: "ಇಲ್ಲಿ ಈಗ ಯಾರೂ ಇಲ್ಲ."

ಯಾರೂ ಇಲ್ಲದಂಗ ಮಾಡಿದವ ನಾನು. ಕ್ಯಾಮೆರಾ ಹಿಡಿದವರಿಗಿಂತ ದೊಡ್ಡ ತಪ್ಪು ನನ್ನದು.

ಈಗ ವಿಷಯಕ್ಕೆ ಬರ್ತೀನಿ. "ಜನ ಬಿಟ್ಟುಹೋದ ಊರು" ಅಂತಾರಲ್ಲ, ಯಾವ ಜನ? ಕಲ್ಲು ತಗೊಂಡವರು ಬಿಟ್ಟುಹೋದರು. ಕಲ್ಲು ಒಡೆದವರು ಅಲ್ಲೇ ಇದ್ದಾರೆ. ಈ ವ್ಯತ್ಯಾಸ ಅಳಿಸಿಹಾಕೋದಕ್ಕೇ "ಘೋಸ್ಟ್ ಟೌನ್" ಅನ್ನೋ ಶಬ್ದ ಬೇಕಾಗಿದ್ದು. ಭೂತಕ್ಕೆ ಪಡಿತರ ಚೀಟಿ ಇರಲ್ಲ, ಮತ ಇರಲ್ಲ, ಪರಿಹಾರ ಕೇಳಲ್ಲ.

ನಮ್ಮದೇ ಸೇಡಂ ತಾಲ್ಲೂಕಿನ ಕುರಕುಂಟಾ ನೋಡ್ರಿ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್, ಅಂದ್ರ ನಾವು ಕರೆಯೋ ಸಿಸಿಐ, 1970ರ ದಶಕದಲ್ಲಿ ಅಲ್ಲಿ ಸಿಮೆಂಟ್ ತೆಗೆಯುತ್ತಿತ್ತು. 1998ರಲ್ಲಿ ಉತ್ಪಾದನೆ ನಿಂತಿತು. ಸುಣ್ಣದ ಕಲ್ಲು ಮುಗಿದು ನಿಂತದ್ದೇನಲ್ಲ. ನಷ್ಟ ಅಂದರು, ನಿಲ್ಲಿಸಿದರು. ಅದೇ ಸೇಡಂ, ಅದೇ ಮಳಖೇಡ, ಅದೇ ವಾಡಿಯಲ್ಲಿ ಖಾಸಗಿ ಕಾರ್ಖಾನೆಗಳು ಅದೇ ನೆಲದ ಕಲ್ಲಿನಿಂದ ಇವತ್ತೂ ಸಿಮೆಂಟ್ ತೆಗೆಯುತ್ತವೆ. ಹಂಗಾದ್ರ ಮುಚ್ಚಿದ್ದು ಏನು? ಕಾರ್ಖಾನೆ ಒಂದೇ ಅಲ್ಲ, ಮೀಸಲಾತಿ ಮುಚ್ಚಿತು. ಕೇಂದ್ರದ ಸಾರ್ವಜನಿಕ ಉದ್ಯಮದಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5 ಹುದ್ದೆ ಇತ್ತು. ಖಾಸಗಿ ಗೇಟಿನಲ್ಲಿ ಅಂಥ ಕಾನೂನಿಲ್ಲ. ಅಲ್ಲಿ ನಮಗೆ ಸಿಗೋದು ಗುತ್ತಿಗೆದಾರನ ಹಾಜರಿ ಪುಸ್ತಕ. ಒಂದು ಸರ್ಕಾರಿ ಕಾರ್ಖಾನೆಗೆ ಬೀಗ ಬಿದ್ದಾಗ ಎಷ್ಟು ಕೇರಿಗಳ ಓದಿದ ಹುಡುಗರಿಗೆ ಬೀಗ ಬಿತ್ತು ಅಂತ ಯಾವ ರೀಲೂ ಹೇಳಲ್ಲ.

ದೊಡ್ಡ ಉದಾಹರಣೆ ಬೇಕಂದ್ರ ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಗೆಯಿತು, ಆಮೇಲೆ ಸರ್ಕಾರ ಅಗೆಯಿತು. ಭೂಮಿಯೊಳಗೆ 3 ಕಿಲೋಮೀಟರಿಗಿಂತ ಆಳ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗೆ. ಆ ಆಳಕ್ಕೆ ಇಳಿದವರು ಯಾರು? ಬಹುಪಾಲು ತಮಿಳು ದಲಿತರು. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. 2018ರಲ್ಲಿ ಸಿನಿಮಾ ಬಂತು, ಅಲ್ಲಿನ ಸೈನೈಡ್ ದಿಬ್ಬದ ಮೇಲೆ ಚಿತ್ರೀಕರಣ ಆಯ್ತು, ಈಗ ಕ್ಯಾಮೆರಾ ಹಿಡಿದು ಹೋಗುವವರಿಗೆ ಲೆಕ್ಕವಿಲ್ಲ. ಆ ದಿಬ್ಬ ಏನು? ಚಿನ್ನ ತೆಗೆದ ಮೇಲೆ ಉಳಿದ ವಿಷದ ಪುಡಿ. ಗಾಳಿ ಬೀಸಿದರೆ ಕಾಲೊನಿಗಳ ಮನೆಯೊಳಗೆ ಬೀಳುವ ಪುಡಿ. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಇದ್ದ ಪಟ್ಟಣ ಅದು. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುವ ಜನ. ಹಗಲು ಹೋಗಿ ಡ್ರೋನ್ ಹಾರಿಸಿದರೆ ಊರು ಖಾಲಿ ಕಾಣದೇ ಇನ್ನೇನು?

ಆ ನೆಲದ ಇನ್ನೊಂದು ಕತೆ ನಮ್ಮವರಿಗೇ ಗೊತ್ತಿಲ್ಲ. ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳು ನೂರು ವರ್ಷಕ್ಕೂ ಹಿಂದೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಗಣಿಗಳಲ್ಲಿ ಇದ್ದವು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆಯುವ ಎಷ್ಟೋ ದಶಕ ಮೊದಲೇ ಗಣಿ ಕಾರ್ಮಿಕರು ಬುದ್ಧನ ಹೆಸರು ಹೇಳಿದ್ದರು. 1954ರಲ್ಲಿ ಬಾಬಾಸಾಹೇಬರೇ ಅಲ್ಲಿಗೆ ಬಂದರು. ಸಿನಿಮಾದಲ್ಲಿ ಆ ಜನ ಏನಾದರು? ಹೊರಗಿನಿಂದ ಬಂದ ಹೀರೋಗಾಗಿ ಕಾಯುವ ಗುಲಾಮರು. ಸಂಘ ಕಟ್ಟಿದವರನ್ನ ಗುಂಪಿನ ಆರ್ಟಿಸ್ಟ್ ಮಾಡಿದರು.

ಈಗ ನಮ್ಮ ಸನ್ನತಿಗೆ ಬರ್ರಿ. ಕನಗನಹಳ್ಳಿಯ ಸ್ತೂಪ ಯಾವ ಕಲ್ಲಿನದು? ಇದೇ ಭೀಮಾ ತೀರದ ಸುಣ್ಣದ ಕಲ್ಲು. 1994ರಿಂದ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ಫಲಕದ ಮೇಲೆ ಅಶೋಕನ ಚಿತ್ರ, ಪಕ್ಕದಲ್ಲೇ ಬ್ರಾಹ್ಮಿಯಲ್ಲಿ ಅವನ ಹೆಸರು. ಅದಕ್ಕೂ ಮೊದಲು 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಬಂಡೆ ಸಿಕ್ಕಿತು. ದೇವಿ ಮೂರ್ತಿಯ ಕೆಳಗೆ ಪೀಠ ಆಗಿ ಬಿದ್ದಿತ್ತು! ಅದರಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಹೇಳ್ತಾನ: ಸೋಮಾರಿತನ ಬಿಡಿ, ಸಿಟ್ಟು ಬಿಡಿ, ಸುಮ್ಮಸುಮ್ಮನೆ ಜನರನ್ನ ಸೆರೆಗೆ ಹಾಕಬೇಡಿ, ಪ್ರಜೆಗಳನ್ನ ಮಕ್ಕಳಂತೆ ನೋಡಿ ಅಂತ. ಎರಡು ಸಾವಿರ ವರ್ಷದ ಹಿಂದೆ ಇದೇ ಸೀಮೆಯ ಕಲ್ಲು ಕೆತ್ತಿದವರ ಕೆಲಸ ನೋಡೋಕೆ ಜಗತ್ತು ಬರ್ತದ. ನಿನ್ನೆ ಕಲ್ಲು ಒಡೆದು ಕೆಮ್ಮಿ ಕೆಮ್ಮಿ ಸತ್ತವರ ಖಣಿಗೆ ಒಂದು ಬೋರ್ಡೂ ಇಲ್ಲ.

ಇಲ್ಲಿಯವರೆಗೆ ನಮ್ಮವರು ಒಪ್ತಾರ. ಇನ್ನು ಒಪ್ಪದ ಮಾತು.

ನಮ್ಮ ಕೆಲವು ತಮ್ಮಂದಿರು ಒಂದು ಮನವಿ ಸಿದ್ಧ ಮಾಡ್ಯಾರ. ಹಾಳುಬಿದ್ದ ಖಣಿಗಳನ್ನ ಆಫ್‌ರೋಡ್ ಪಾರ್ಕ್ ಮಾಡಿ, ಸಾಹಸ ಪ್ರವಾಸೋದ್ಯಮ ತರ್ರಿ, ನಮಗೆ ಗೈಡ್ ಕೆಲಸ, ಚಹಾದಂಗಡಿ, ಪಾರ್ಕಿಂಗ್ ಟೆಂಡರ್ ಸಿಗ್ತದ ಅಂತ. ನನ್ನ ಸಹಿಯೂ ಕೇಳಿದರು. "ಅಣ್ಣಾ, ನಿನಗ ಸರ್ಕಾರಿ ಪಗಾರ ಅದ, ನೀ ಬೇಡ ಅನ್ನಬಹುದು. ನಾವು ಪುಣೆ, ಹೈದರಾಬಾದ್ ಬಿಲ್ಡಿಂಗ್ ಕೆಲಸಕ್ಕೆ ಎಷ್ಟು ವರ್ಷ ಹೋಗೋದು?" ಅಂದ ಒಬ್ಬ.

ಆ ಮಾತಿಗೆ ನಾನು ತಲೆ ತಗ್ಗಿಸಿದೆ. ಖರೇ ಮಾತು ಅದು. ನನ್ನ ಪಗಾರದ ಮೇಲೆ ನಿಂತು ಅವರ ಹಸಿವಿಗೆ ಉಪದೇಶ ಮಾಡೋ ಹಕ್ಕು ನನಗಿಲ್ಲ. ಜೀಪು ಬರಬಾರದು ಅಂತಲೂ ನಾನು ಹೇಳ್ತಿಲ್ಲ. ಆದ್ರ ಸಹಿ ಹಾಕಿಲ್ಲ, ಹಾಕಲ್ಲ. ಯಾಕಂದ್ರ, ಖಣಿ ಪಾರ್ಕ್ ಆದ ದಿನ ಗುಂಡಿ ಮುಚ್ಚೋ ಜವಾಬ್ದಾರಿ ಸತ್ತುಹೋಗ್ತದ. ಇವತ್ತು ಆ ಗುಂಡಿ ಒಂದು ಅಪರಾಧ. ನಾಳೆ ಅದು ಆಕರ್ಷಣೆ. ನಾವೇ ಅರ್ಜಿ ಕೊಟ್ಟು ಅಪರಾಧಕ್ಕೆ ಟಿಕೆಟ್ ಇಟ್ಟಂಗ ಆಗ್ತದ. ಮಾಲೀಕ ಕಲ್ಲು ಮಾರಿ ಹೋದ, ಈಗ ಗುಂಡಿಯನ್ನೂ ಮಾರಿಕೊಳ್ತಾನ.

ಕಾನೂನು ಏನದ ಕೇಳ್ರಿ. ಬಿಟ್ಟುಹೋದ ಖಣಿಗೆ ಬೇಲಿ ಹಾಕಬೇಕು ಅನ್ನೋದು ಗಣಿ ಸುರಕ್ಷತೆಯ ನಿಯಮಗಳಲ್ಲೇ ಅದ. ಸಿಮೆಂಟಿನ ಸುಣ್ಣದ ಕಲ್ಲಿನಂಥ ಪ್ರಮುಖ ಖನಿಜದ ಗಣಿಗಳಿಗೆ 2003ರಿಂದ ಗಣಿ ಮುಕ್ತಾಯ ಯೋಜನೆ ಕಡ್ಡಾಯ: ಅಗೆಯೋಕೆ ಮೊದಲೇ ಮುಚ್ಚೋದು ಹೆಂಗ ಅಂತ ಬರೆದುಕೊಡಬೇಕು. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೇ ಗುತ್ತಿಗೆಯ ಗಣಿಗಳು ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದವು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಗಣಿಯಿಂದ ಪೆಟ್ಟು ತಿಂದ ಊರುಗಳ ನೀರು, ಆಸ್ಪತ್ರೆ, ಶಾಲೆ, ಪರಿಸರಕ್ಕೆ ಅಂತಲೇ ಇರೋ ದುಡ್ಡು ಅದು. ಇಷ್ಟು ಸಿಮೆಂಟ್ ಹೋಗೋ ಜಿಲ್ಲೆಯಲ್ಲಿ ಆ ದುಡ್ಡು ನಿಮ್ಮ ಕೇರಿಗೆ ಎಷ್ಟು ಬಂತು? ಚಹಾದಂಗಡಿಗೆ ಕೈ ಚಾಚೋಕೆ ಮೊದಲು ಈ ಹಕ್ಕಿನ ದುಡ್ಡಿನ ಲೆಕ್ಕ ಕೇಳೋಣ. ಗುಂಡಿಗೆ ಬೇಲಿ, ದಿಬ್ಬದ ಮೇಲೆ ಗಿಡ, ಆ ಕೆಲಸಕ್ಕೆ ನಮ್ಮದೇ ಹುಡುಗರಿಗೆ ಕೂಲಿ. ಇದೂ ಉದ್ಯೋಗವೇ ಅಲ್ಲವಾ ತಮ್ಮಾ? ಅದೆಲ್ಲ ಆದ ಮೇಲೂ ಜಾಗ ಉಳಿದರೆ, ಜೀಪು ಬರಲಿ. ಪಂಚಾಯ್ತಿಗೆ ಶುಲ್ಕ ಕಟ್ಟಲಿ, ನಮ್ಮ ಹುಡುಗ ಮುಂದಿನ ಸೀಟಿನಾಗ ಕುಂತು ಇಲ್ಲಿ ಯಾರು ದುಡಿದರು, ಯಾರು ಸತ್ತರು ಅಂತ ಹೇಳಲಿ. ನನ್ನಂಗ ಬಾಯಿ ಮುಚ್ಚಿಕೊಂಡು ಕೂಡಬಾರದು.

ಗುಮಾಸ್ತನಾಗಿ ನಾನು ಕೊಡಬಹುದಾದ್ದು ಇಷ್ಟು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗ ಇರಬೇಕು. ಉದ್ದ ಬರೆದರೆ ವಾಪಸ್ ಕಳಿಸೋಕೆ ನೆಪ ಸಿಗ್ತದ. ನಿಮ್ಮೂರಿನ ಸರ್ವೆ ನಂಬರ್ ಹಾಕ್ರಿ. ಗುತ್ತಿಗೆ ಯಾರ ಹೆಸರಿನಾಗ ಇತ್ತು, ಯಾವತ್ತು ಮುಗೀತು, ಬೇಲಿ ಯಾರು ಹಾಕಬೇಕಿತ್ತು ಅಂತ ಕೇಳ್ರಿ. ಖನಿಜ ಪ್ರತಿಷ್ಠಾನದ ದುಡ್ಡಿಗೆ ಬೇರೆ ಅರ್ಜಿ ಹಾಕ್ರಿ. 30 ದಿನ ಕಾಯ್ರಿ, ಉತ್ತರ ಬರದಿದ್ದರೆ ಮೇಲ್ಮನವಿ. ಬರೆಯೋಕೆ ಬರಲ್ಲ ಅನ್ನೋರು ಸಂಜೆ ಆರರ ಮೇಲೆ ನನ್ನ ಹತ್ರ ಬರ್ರಿ.

ರೀಲ್ ಮಾಡಿದ ಹುಡುಗರಿಗೆ "ಯಾರೂ ಇಲ್ಲ ಅನ್ನೋದು ತೆಗೀರಿ" ಅಂತ ಮೆಸೇಜ್ ಹಾಕೀನಿ. ನೀಲಿ ಟಿಕ್ ಬಿದ್ದದ, ಉತ್ತರ ಬಂದಿಲ್ಲ. ಆ ಮುದುಕಿಯ ಮನೆಗೂ ಹೋಗಿ ಬಂದೆ. "ಅವತ್ತು ನಿನ್ನ ಸರಿಸಿದ್ದು ತಪ್ಪಾಯ್ತವ್ವಾ" ಅಂದೆ. ಆಕಿಗೆ ನೆನಪೇ ಇರಲಿಲ್ಲ. ಸರಿ ಅನ್ನಿಸಿಕೊಂಡು ಸರಿಯೋದು ಆಕಿಗೆ ಅವತ್ತೊಂದೇ ದಿನದ ಮಾತಲ್ಲ ನೋಡ್ರಿ. ಆಕಿಯ ಗಂಡನೂ ಅದೇ ಖಣಿಯಾಗ ಹಾರಿ ಹಿಡಿದವ. ಗುಂಡಿ ಎಲ್ಲೆಲ್ಲಿ ಎಷ್ಟು ಆಳ, ಯಾವ ವರ್ಷ ಯಾರ ಮಗ ಹೋದ, ಎಲ್ಲ ಬಾಯಿಪಾಠ ಆಕಿಗೆ. ನನ್ನ ಡೈರಿಯ ಮೂರು ಪುಟ ತುಂಬಿತು.

ಬರೋ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೊರಟೀನಿ. ಊರ ಹೆಸರು ಇಲ್ಲಿ ಬರೆಯಲ್ಲ, ಬರೆದರೆ ಇನ್ನೂ ಹತ್ತು ಜೀಪು ಬರ್ತಾವ. ಬರೋರು ಇನ್‌ಬಾಕ್ಸಿಗೆ ಬರ್ರಿ. ಟೇಪು, ಹಗ್ಗ, ಪೆನ್ನು ತರ್ರಿ, ಗುಂಡಿಗಳನ್ನ ಎಣಿಸಿ ಅಳೆಯೋಣ. ಮನವಿ ಬರೆದ ತಮ್ಮಂದಿರೂ ಬರಲಿ, ಜಗಳ ಅಲ್ಲೇ ಆಡೋಣ. ಯಾರದಾದರೂ ಜೀಪು ಇದ್ದರೆ ಅದೂ ಬರಲಿ. ಮುಂದಿನ ಸೀಟಿನಾಗ ಆ ಅವ್ವ ಕೂಡ್ತಾಳ, ನಾವು ಹಿಂದ.

ಜೈಭೀಮ್. ನಮೋ ಬುದ್ಧಾಯ.