ಕೇದಾರದ ದಾರಿಯೂ ಹೊರುವವನ ಕೂಲಿಯೂ

ಗಿರಣಿಯ ಸೋದರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಚೀಟಿ ಹಾಕಿ, ಹಣ ಕೂಡಿಸಿ ಹಿಮಾಲಯದ ಕೇದಾರನಾಥಕ್ಕೆ ಹೊರಡುವುದುಂಟು. ಅಲ್ಲಿಯ ರಾವಲರದು ಕನ್ನಡನಾಡಿನಿಂದ ಹೋದ ವೀರಶೈವ ಪರಂಪರೆ. ಆದ್ದರಿಂದ ನಮ್ಮವರಿಗೆ ಆ ಗುಡಿ ಪರಕೀಯವೆನಿಸದು. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ಹೊರಡುವವರಿಗೆ ಎರಡು ಮಾತು ಮಾತ್ರ ಹೇಳಬೇಕಾಗಿದೆ.

ಮೊದಲನೆಯದು, ಅವಸರ ಬೇಡ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರ್ ಏರು. ಗುಡಿ ಇರುವುದು 3,500 ಮೀಟರಿಗೂ ಮೇಲೆ. ಅಲ್ಲಿ ಗಾಳಿ ತೆಳು. ರಜೆ ಕಡಿಮೆಯೆಂದು ಒಂದೇ ದಿನದಲ್ಲಿ ಹತ್ತಿ ಇಳಿಯಹೊರಟರೆ ಉಸಿರೇ ಕೈಕೊಟ್ಟೀತು. ನಡುವೆ ತಂಗಿರಿ. ಮಳೆಯ ಎಚ್ಚರಿಕೆ ಬಂದರೆ ಏರಬೇಡಿ. 2013ರ ಜೂನ್ ತಿಂಗಳ ಪ್ರವಾಹ ಸಾವಿರಾರು ಜನರನ್ನು ನುಂಗಿತು. ದಾರಿಯಲ್ಲಿದ್ದ ರಾಮ್‌ಬಾಡಾ ಕೊಚ್ಚಿಹೋಯಿತು.

ಎರಡನೆಯದು, ಕೂಲಿಯ ಮಾತು. ಉಳ್ಳವರು ಹೆಲಿಕಾಪ್ಟರಿನಲ್ಲಿ ಹೋಗಿ ಇಳಿಯುತ್ತಾರೆ. ನಮ್ಮ ಮನೆಯ ಹಿರಿಯರನ್ನು ಡೋಲಿಯಲ್ಲಿ, ಬೆನ್ನಿನ ಬುಟ್ಟಿಯಲ್ಲಿ ಹೊತ್ತೊಯ್ಯುವವರು ಗಢವಾಲದ, ನೇಪಾಳದ ಕೂಲಿಕಾರರು. ಇಲ್ಲಿ ಸಂಘ ಕಟ್ಟಿ ಮಾಲೀಕನೊಡನೆ ಕೂಲಿಗಾಗಿ ಹೋರಾಡುವ ನಾವು ಅಲ್ಲಿ ಅವರ ಕೂಲಿಯಲ್ಲಿ ಚೌಕಾಶಿ ಮಾಡಬಹುದೇ? ಯಾತ್ರೆಯ ಖರ್ಚಿನ ಪಟ್ಟಿಯಲ್ಲಿ ರೈಲು ಚಾರ್ಜಿನ ಕೆಳಗೇ ಅವರ ನ್ಯಾಯವಾದ ಕೂಲಿಯನ್ನೂ ಬರೆಯಿರಿ. ಹುಂಡಿಯ ಕಾಣಿಕೆ ಆಮೇಲಾಗಲಿ.